ಒಂದು ಕಾದಂಬರಿಯ ವಿಮರ್ಶೆ: ನಾಲ್ಕು ಕರಡು, ಇಪ್ಪತ್ತೊಂಬತ್ತು ದಿನ

ಬಾಗಲಕೋಟೆಯ ನವನಗರದಲ್ಲಿ, ಅಂದರೆ ಮುಳುಗಡೆಯಾದವರಿಗೆ ಕಟ್ಟಿದ ಹೊಸ ಊರಿನಲ್ಲಿ, ನಾವು ಹದಿನಾಲ್ಕು ಜನ ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ತಿಂಗಳ ಕೊನೆಯ ರವಿವಾರ ಕೂಡುತ್ತೇವೆ. ಒಬ್ಬರು ವಿಮರ್ಶೆ ಬರೆದು ತಂದು ಓದಬೇಕು, ಆಮೇಲೆ ಚರ್ಚೆ. ಜೂನ್ ತಿಂಗಳ ಪಾಳಿ ನನ್ನದಾಗಿತ್ತು. ಮುಂದಿನ ಪಾಳಿ ನರ್ಸಿಂಗ್ ಓದುವ ಒಬ್ಬ ಹುಡುಗಿಯದು. ನಿನ್ನೆ ಎಲ್ಲರೂ ಎದ್ದ ಮೇಲೆ ಅವಳು ಹತ್ತಿರ ಬಂದು, "ಹೆಂಗ ಬರದ್ರಿ ಅಕ್ಕಾರ? ಮೊದಲ ಏನ್ ಮಾಡಬೇಕ್ರಿ?" ಎಂದು ಕೇಳಿದಳು. ನಿಂತಲ್ಲೇ ಹೇಳಲು ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನ ಹಾಕಿ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ತಿದ್ದಿ ಹಾಕುತ್ತಿದ್ದೇನೆ.

ಕಾದಂಬರಿಯ ಹೆಸರು, ಲೇಖಕರ ಹೆಸರು ಹಾಕಿಲ್ಲ. ಇದು ವಿಮರ್ಶೆ ಅಲ್ಲ, ವಿಮರ್ಶೆ ತಯಾರಾದ ಬಗೆ. ನನ್ನ ಕೆಟ್ಟ ಕರಡಿನ ಮಾತುಗಳು ಆ ಪುಸ್ತಕಕ್ಕೆ ಅಂಟಿಕೊಳ್ಳುವುದು ಬೇಡ.

ಜೂನ್ 1, ರವಿವಾರ. ಕೆಲಸ ಒಪ್ಪಿಕೊಂಡೆ

ಪುಸ್ತಕ 248 ಪುಟ, 22 ಅಧ್ಯಾಯ. ಕೃಷ್ಣಾ ದಂಡೆಯ ಒಂದು ಹಳ್ಳಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಕಥೆ. ಒಂದೇ ಮನೆಯ ಅಜ್ಜಿ, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ. ಕಥೆ ಹೇಳುವವನು ಮೊಮ್ಮಗ.

ವಿಮರ್ಶೆಗೆ ಮಿತಿ 650 ಪದ. ನಮ್ಮ ಗುಂಪಿನ ಕಿರುಪುಸ್ತಿಕೆಯಲ್ಲಿ ಎರಡು ಪುಟಕ್ಕೆ ಅಷ್ಟೇ ಹಿಡಿಯುತ್ತದೆ.

ನನ್ನ ಬಗ್ಗೆ ಒಂದು ವಿಷಯ ಮೊದಲೇ ಹೇಳಬೇಕು, ಯಾಕಂದರೆ ಮೊದಲ ಕರಡು ಕೆಟ್ಟಿದ್ದೇ ಅದರಿಂದ. ನನ್ನದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಪರಿಹಾರದ ಅರ್ಜಿ, ಭೂಸ್ವಾಧೀನದ ತಕರಾರು, ಇಂಥವನ್ನು ಹದಿನಾರು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ಹಳೆಯ ಊರಿನಲ್ಲಿದ್ದ ನಮ್ಮ ಮನೆಯೂ ಘಟಪ್ರಭೆ ಹೊಳೆಗುಂಟ ಬಂದ ಅದೇ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಹೀಗಾಗಿ ಈ ಪುಸ್ತಕ ನನಗೇ ಬರಲಿ ಎಂದು ಎಲ್ಲರೂ ಅಂದರು. ನನಗೂ ಸರಿ ಅನಿಸಿತು.

ಜೂನ್ 2ರಿಂದ 5. ಮೊದಲ ಓದು, ಎರಡು ತಪ್ಪು

ಮೊದಲ ತಪ್ಪು, ಅಂಗಡಿಯಲ್ಲಿ ಓದಿದ್ದು. ಗಿರಾಕಿ ಇಲ್ಲದಾಗ ಎರಡು ಪುಟ, ಮತ್ತೆ ನಾಲ್ಕು ಪುಟ. ಒಂಬತ್ತನೇ ಅಧ್ಯಾಯ ಒಂದೇ ರಾತ್ರಿಯ ಕಥೆ. ಮಳೆ, ಸಾಮಾನು ಕಟ್ಟುವುದು, ನಡುವೆ ಎಲ್ಲೂ ಬಿಡುವಿಲ್ಲ. ಅದನ್ನು ನಾನು ಏಳು ತುಂಡು ಮಾಡಿ ಓದಿದೆ. ಆಧಾರ್ ಕಾರ್ಡಿನ ನಕಲು ತೆಗೆದುಕೊಟ್ಟು ಬಂದು ಕೂತರೆ ಆ ರಾತ್ರಿ ಎಲ್ಲಿ ಉಳಿದೀತು? 'ಈ ಅಧ್ಯಾಯ ಎಳೆದಂತಿದೆ' ಎಂದು ನೋಟಿನಲ್ಲಿ ಬರೆದುಬಿಟ್ಟಿದ್ದೆ. ಮರುದಿನ ಊಟ ಆದ ಮೇಲೆ ಹತ್ತು ಗಂಟೆಗೆ ಕೂತು ಅದನ್ನೇ ಒಂದೇ ಉಸಿರಿಗೆ ಓದಿದೆ. ಎಳೆದಂತೆ ಇರಲೇ ಇಲ್ಲ. ಆ ಸಾಲು ಹೊಡೆದು ಹಾಕಿದೆ. ಓದಿದ ರೀತಿಯ ತಪ್ಪನ್ನು ಪುಸ್ತಕದ ಮೇಲೆ ಹಾಕುತ್ತಿದ್ದೆ.

ಎರಡನೇ ತಪ್ಪು, ಮೊದಲ ಓದಿನಲ್ಲೇ ಬಣ್ಣದ ಅಂಟುಚೀಟಿ ಹಚ್ಚಿದ್ದು. ಒಟ್ಟು 91 ಚೀಟಿ. ಪುಸ್ತಕ ನವಿಲಿನ ಹಾಗೆ ಕಾಣುತ್ತಿತ್ತು. ಯಾವ ಚೀಟಿ ಯಾಕೆ ಹಚ್ಚಿದೆ ಎಂದು ಆಮೇಲೆ ತಿಳಿಯಲಿಲ್ಲ. ಎಲ್ಲ ಕಿತ್ತೆ. ಪುಟ 64ರ ಮೂಲೆ ಸ್ವಲ್ಪ ಹರಿಯಿತು.

ಮೊದಲ ಓದಿಗೆ ಸುಮಾರು ಒಂಬತ್ತು ತಾಸು ಹಿಡಿಯಿತು. ಈ ಓದಿನಲ್ಲಿ ಪೆನ್ನು ಮುಟ್ಟಬೇಡ. ಬರೀ ಓದುಗಿಯಾಗಿ ಓದು, ಸಾಕು.

ಜೂನ್ 6. ಪುಸ್ತಕ ಮುಚ್ಚಿ ಒಂದು ಪುಟ

ಪುಸ್ತಕ ತೆರೆಯದೆ, ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಒಂದು ಪುಟ ಬರೆದೆ. ಇಪ್ಪತ್ತು ನಿಮಿಷದ ಕೆಲಸ. ಮೂರು ಸಂಗತಿ ಉಳಿದಿದ್ದವು. ಬೀಸುಕಲ್ಲನ್ನು ಟ್ರ್ಯಾಕ್ಟರಿನಲ್ಲಿ ಹಾಕಲು ಅಜ್ಜಿ ಬಿಡದೇ ಇದ್ದದ್ದು. ಹೋಳಿ ಹಬ್ಬದ ಅಧ್ಯಾಯ. ಮತ್ತೆ ಕೊನೆ. ಕೊನೆ ಏನು ಎಂದು ಇಲ್ಲೂ ಹೇಳುವುದಿಲ್ಲ.

ಸೊಸೆಯ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಅದು ಆ ದಿನ ಗಮನಕ್ಕೆ ಬರಲಿಲ್ಲ. ಈ ಪುಟವನ್ನು ತೆಗೆದಿಟ್ಟದ್ದು ಒಳ್ಳೆಯದಾಯಿತು.

ಜೂನ್ 7ರಿಂದ 10. ಎರಡನೇ ಓದು, ಪಟ್ಟಿ ಹಾಕಿ

200 ಪುಟದ ನೋಟ್‌ಬುಕ್ ತಂದೆ. ನಾಲ್ಕು ಅಂಕಣ ಗೆರೆ ಹೊಡೆದೆ: ಪುಟ ಸಂಖ್ಯೆ, ಏನು ಆಗುತ್ತದೆ, ಯಾರು ಕಂಡದ್ದು, ನನಗೆ ಅನಿಸಿದ್ದು. ಕೊನೆಯ ಅಂಕಣ ಅಗಲ ಇರಲಿ. ನಾನು ಎರಡು ಬೆರಳು ಅಗಲ ಇಟ್ಟು ಆಮೇಲೆ ಒದ್ದಾಡಿದೆ.

ಪ್ರತಿ ಅಧ್ಯಾಯದ ಕೊನೆಗೆ ಒಂದು ಸಾಲು ಜಾಸ್ತಿ: ಈ ಅಧ್ಯಾಯದಲ್ಲಿ ಎಷ್ಟು ದಿನ ಕಳೆಯಿತು? ಈ ಒಂದು ಸಾಲಿನಿಂದ ಬಹಳ ಸಿಕ್ಕಿತು. ಮೊದಲ 14 ಅಧ್ಯಾಯ, ಅಂದರೆ 160 ಪುಟ, ಹೋಳಿಯಿಂದ ಮುಂಗಾರಿನವರೆಗಿನ ಒಂದೇ ಬೇಸಿಗೆ. ಉಳಿದ 8 ಅಧ್ಯಾಯ, 88 ಪುಟ, ಮುಂದಿನ ಹತ್ತು ವರ್ಷ. ಓದುವಾಗ 'ಕೊನೆಗೆ ಓಡಿಸಿದ್ದಾರೆ' ಅನಿಸಿತ್ತು. ಪಟ್ಟಿ ನೋಡಿದಾಗ ಬೇರೆ ಕಂಡಿತು. ಊರು ಬಿಡುವ ಮುಂಚಿನ ಒಂದೊಂದು ದಿನವನ್ನೂ ಹುಡುಗ ಹಿಡಿದಿಟ್ಟಿದ್ದಾನೆ. ಊರು ಬಿಟ್ಟ ಮೇಲೆ ವರ್ಷಗಳು ಸುಮ್ನೆ ಹೋಗಿವೆ. ಪುಸ್ತಕದ ಆಕಾರವೇ ಹಾಗಿದೆ. ಇದು ತಪ್ಪೋ ಸರಿಯೋ ಎಂದು ಹೇಳುವ ಮೊದಲು ಇದನ್ನು ಕಾಣಬೇಕಿತ್ತು.

'ಯಾರು ಕಂಡದ್ದು' ಅಂಕಣದಲ್ಲಿ ಒಂದು ಚಿಕ್ಕ ತಕರಾರು ಸಿಕ್ಕಿತು. ಹುಡುಗ ಇಲ್ಲದ ಜಾಗದ ಮಾತುಕತೆ ಐದು ಕಡೆ ಬರುತ್ತದೆ. ನಾಲ್ಕು ಕಡೆ 'ಅತ್ತಿ ಆಮೇಲೆ ಹೇಳಿದ್ದು' ಎಂಬಂಥ ಸುಳಿವು ಇದೆ. ಪುಟ 133ರಲ್ಲಿ ಇಲ್ಲ. ಬರೆಯುವಷ್ಟು ದೊಡ್ಡ ದೋಷ ಅಲ್ಲ ಎಂದು ಬಿಟ್ಟೆ. ಕಂಡ ತಪ್ಪನ್ನೆಲ್ಲ ಬರೆಯಲು 650 ಪದ ಸಾಲುವುದಿಲ್ಲ, ಬರೆಯಲೂ ಬಾರದು.

ಈ ಓದಿಗೆ 11 ತಾಸು.

ಜೂನ್ 11. ಕಾರ ಹುಣ್ಣಿಮೆ. ಅಂಗಡಿ ಅರ್ಧ ದಿನ. ತವರಿಗೆ ಹೋಗಿ ಹೋಳಿಗೆ ಮಾಡಿದೆವು. ಏನೂ ಬರೆಯಲಿಲ್ಲ.

ಜೂನ್ 12. ಮೊದಲ ಕರಡು

ಒಂದೇ ಬೈಠಕ್ಕಿಗೆ 1,140 ಪದ ಬಂತು. ಬರೆಯುವಾಗ ಕಣ್ಣಲ್ಲಿ ನೀರು. ಹಳೆಯ ಮನೆಯ ಪಡಸಾಲೆ, ಗೋಡೆಯ ಗೂಡು, ಹೋಳಿಯಲ್ಲಿ ಬಣ್ಣದ ಬಂಡಿ ನಮ್ಮ ಓಣಿಗೆ ಬರುತ್ತಿದ್ದದ್ದು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಗೊತ್ತಿದ್ದದ್ದನ್ನೆಲ್ಲ ತುಂಬಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು, ನವನಗರದ ನಕ್ಷೆಯನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಮಾಡಿದ್ದು, ಅಣೆಕಟ್ಟಿನ 26 ಗೇಟು, 2006ರಲ್ಲಿ ಅಬ್ದುಲ್ ಕಲಾಂ ಬಂದು ಅದನ್ನು ದೇಶಕ್ಕೆ ಅರ್ಪಿಸಿದ್ದು.

ರಾತ್ರಿ ಅವ್ವನಿಗೆ ಓದಿದೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಲೋ ಬಂದಿದೆ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮನಿ ಕತಿ ಚಲೋ ಬರದೀಯವಾ. ಆ ಪುಸ್ತಕದಾಗ ಏನೈತಿ?" ಎಂದಳು.

ಕೆಂಪು ಪೆನ್ನು ತೆಗೆದುಕೊಂಡು ಎಣಿಸಿದೆ. ಪುಸ್ತಕದ ಬಗ್ಗೆ ಇದ್ದದ್ದು 390 ಪದ. ಉಳಿದ 750 ನಮ್ಮ ಮನೆ ಮತ್ತು ಅಣೆಕಟ್ಟು. ಶಾಸ್ತ್ರಿಯವರೂ ಕೊರಿಯಾ ಅವರೂ ಕಾದಂಬರಿಯಲ್ಲಿ ಬರುವುದೇ ಇಲ್ಲ. ಆ ಹುಡುಗನಿಗೆ ಅವರು ಗೊತ್ತಿಲ್ಲ. ನನಗೆ ಗೊತ್ತಿತ್ತು ಅಂತ ಬರೆದಿದ್ದೆ.

ಅಷ್ಟೂ ತೆಗೆದೆ. ಒಂದೇ ಸಾಲು ಉಳಿಸಿದೆ: ನಾನೂ ಮುಳುಗಡೆಯಾದ ಮನೆಯವಳು, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆಯನ್ನು ಓದಿರಿ. ಓದುವವರಿಗೆ ಇದು ತಿಳಿದಿರಬೇಕು. ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ. ತೆಗೆದ ಭಾಗವನ್ನು ಹರಿಯಲಿಲ್ಲ. ಅವ್ವನ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಜೂನ್ 14. ಎರಡನೇ ಕರಡು

ಈ ಸಲ ಪುಸ್ತಕ ಬಿಟ್ಟು ಆಚೆ ಈಚೆ ಹೋಗಲಿಲ್ಲ. ಹೋಗಲಿಲ್ಲ ಅಂದರೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಥೆ ಹೇಳಿಕೊಂಡು ಹೋದೆ. 900 ಪದದಲ್ಲಿ 700 ಬರೀ ಕಥೆ. ಪಕ್ಕದ ಔಷಧ ಅಂಗಡಿಯ ಅಣ್ಣಾರು ನಮ್ಮ ಗುಂಪಿನವರೇ. ಅವರು ಇನ್ನೂ ಪುಸ್ತಕ ಓದಿರಲಿಲ್ಲ. ಕರಡು ಕೊಟ್ಟೆ. ಓದಿ ವಾಪಸ್ ಕೊಡುತ್ತ, "ಮುಗೀತಲ್ರಿ ಅಕ್ಕಾರ, ಇನ್ನ ಪುಸ್ತಕ ಓದೂದ್ಯಾಕ್ರಿ?" ಎಂದರು. ಅವರು ಬೇಸರದಿಂದಲೇ ಹೇಳಿದರು. ಕೊನೆಯನ್ನು ನಾನು ಅವರಿಂದ ಕಸಿದುಕೊಂಡಿದ್ದೆ. ಅದನ್ನು ವಾಪಸ್ ಕೊಡಲು ಬರುವುದಿಲ್ಲ. ಈ ಇಡೀ ತಿಂಗಳಲ್ಲಿ ನನಗೆ ತುಂಬಾ ನೋವಾದದ್ದು ಇದೇ.

ಆಮೇಲೆ ನಾನು ಹಾಕಿಕೊಂಡ ಅಳತೆ ಇದು. ಕಥೆಯನ್ನು ಆರನೇ ಅಧ್ಯಾಯದವರೆಗೆ ಮಾತ್ರ ಹೇಳುವುದು. ಅಲ್ಲಿ ನೋಟೀಸು ಬರುತ್ತದೆ, ಅಜ್ಜಿ ಸಹಿ ಮಾಡುವುದಿಲ್ಲ ಎನ್ನುತ್ತಾಳೆ. ಮುಂದೇನು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಅಲ್ಲಿಂದಾಚೆ ಘಟನೆ ಹೇಳಬಾರದು, ಪುಸ್ತಕದ ಗುಣ ಹೇಳಬೇಕು. 120 ಪದ ದಾಟಬಾರದು. ಕೊನೆಗೆ ಅದು 115ಕ್ಕೆ ಬಂದು ನಿಂತಿತು.

ಜೂನ್ 16, 17. ಹೊಗಳಿಕೆಯ ಪದಗಳು

ಎರಡನೇ ಕರಡಿನಲ್ಲಿ ಉಳಿದ 200 ಪದಗಳನ್ನು ನೋಡಿದೆ. ಮನಮುಟ್ಟುವ, ಅದ್ಭುತ, ನೈಜ, ಸೊಗಸಾದ, ಕಣ್ಣಿಗೆ ಕಟ್ಟುವ, ಮಣ್ಣಿನ ವಾಸನೆಯ. ಇಂಥವು ಹದಿನೇಳು ಇದ್ದವು. ಯಾವ ಪುಸ್ತಕಕ್ಕೆ ಬೇಕಾದರೂ ಹಚ್ಚಬಹುದಾದ ಪದಗಳು. ಒಂದೊಂದರ ಪಕ್ಕದಲ್ಲೂ ಪೆನ್ಸಿಲ್ಲಿನಿಂದ 'ಯಾವ ಪುಟ?' ಎಂದು ಬರೆದೆ. ಹನ್ನೊಂದಕ್ಕೆ ಪುಟ ಸಿಕ್ಕಿತು. ಆರಕ್ಕೆ ಸಿಗಲಿಲ್ಲ. ಆ ಆರನ್ನು ತೆಗೆದೆ.

ಪುಟ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಹೋಳಿಯ ಅಧ್ಯಾಯದ ಬಗ್ಗೆ ನಾನು ಬರೆದದ್ದು, 'ಹಲಗಿಯ ನಾದದಂಥ ಅದ್ಭುತ ಭಾಷೆ'. ಓದಿದಾಗ ನಿಜವಾಗಿ ಹಲಗಿ ಕೇಳಿಸಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಹೇಗೆ ಕೇಳಿಸಿತು? ಪುಟ 47 ತೆಗೆದು ವಾಕ್ಯ ಎಣಿಸಿದೆ. 19 ವಾಕ್ಯ. ಅದರಲ್ಲಿ 14 ವಾಕ್ಯ ಐದು ಪದ ದಾಟುವುದಿಲ್ಲ. ಎರಡು ಪದ, ಮೂರು ಪದ, ಮತ್ತೆ ಎರಡು. ಆಮೇಲೆ ಊರು ಬಿಡುವ ದಿನದ ಪುಟ ತೆಗೆದೆ. ಅಲ್ಲಿ ಒಂದೇ ವಾಕ್ಯ 38 ಪದ. ಟ್ರ್ಯಾಕ್ಟರು ಏರಿ ಹೋಗುವವರೆಗೂ ಪೂರ್ಣವಿರಾಮ ಇಲ್ಲ. ಹುಡುಗನಿಗೆ ಅಲ್ಲಿ ನಿಲ್ಲಲು ಜಾಗವೇ ಇಲ್ಲ.

ಆಗ ವಾಕ್ಯ ಹೀಗಾಯಿತು: 'ಹೋಳಿಯ ದಿನ ಲೇಖಕರು ಎರಡು ಮೂರು ಪದಗಳ ವಾಕ್ಯ ಹಾಕುತ್ತಾರೆ, ಹಲಗಿಯ ಪೆಟ್ಟು ಕೇಳಿಸುತ್ತದೆ. ಊರು ಬಿಡುವ ದಿನ ಅದೇ ಹುಡುಗನ ಮಾತಿಗೆ ಪೂರ್ಣವಿರಾಮ ಸಿಗುವುದಿಲ್ಲ.' ಅದ್ಭುತ ಎಂಬ ಪದ ಬೇಕಾಗಲೇ ಇಲ್ಲ. ಈ ಎರಡು ಸಾಲಿಗೆ ಎರಡು ಸಂಜೆ ಹೋದವು. ನನಗೆ ಇಡೀ ವಿಮರ್ಶೆಯಲ್ಲಿ ತುಂಬಾ ಇಷ್ಟವಾದ ಸಾಲುಗಳು ಇವೇ.

ಜೂನ್ 18ರಿಂದ 20. ಮೂರನೇ ಕರಡು, ದೊಡ್ಡ ತಪ್ಪು

ಹತ್ತೊಂಬತ್ತನೇ ಅಧ್ಯಾಯದಲ್ಲಿ ಒಬ್ಬ ಸರ್ಕಾರಿ ಮನುಷ್ಯ ಬಂದು ಗೋಡೆಯ ಮೇಲೆ ಬಣ್ಣದಲ್ಲಿ 519.60 ಎಂದು ಬರೆಯುತ್ತಾನೆ. ಕಾದಂಬರಿ ಅದನ್ನು ನೀರಿನ ಮಟ್ಟ ಎನ್ನುತ್ತದೆ. ನಾನು ಟೈಪ್ ಮಾಡಿದ ಕಾಗದಗಳಲ್ಲೆಲ್ಲ 523 ಮೀಟರ್, ಈಚೆಗೆ 525 ಮೀಟರ್. ನನ್ನ ಬೆರಳಿಗೇ ಗೊತ್ತಿರುವ ಅಂಕಿ ಅದು. ಹಾಗಾಗಿ ಮೂರನೇ ಕರಡಿನಲ್ಲಿ ಒಂದು ಪ್ಯಾರಾ ಪೂರ್ತಿ ಬರೆದೆ. ಲೇಖಕರು ಅಂಕಿ ತಪ್ಪು ಹಾಕಿದ್ದಾರೆ, ಮುಳುಗಡೆಯ ಬಗ್ಗೆ ಬರೆಯುವವರು ಇಷ್ಟಾದರೂ ನೋಡಿಕೊಳ್ಳಬೇಕಿತ್ತು ಎಂದು. ಬಿರುಸಾಗಿಯೇ ಬರೆದೆ. ಬರೆದವಳೇ ಗುಂಪಿನ ವಾಟ್ಸಾಪಿಗೆ ಹಾಕಿಬಿಟ್ಟೆ.

ರಾತ್ರಿ ಒಂಬತ್ತಕ್ಕೆ ಕಾಕಾ ಫೋನ್ ಮಾಡಿದರು. ಸರ್ವೆ ಕೆಲಸದಲ್ಲಿದ್ದು ನಿವೃತ್ತರಾದವರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು.

"ತಂಗಿ, ಪುಸ್ತಕದಾಗಿನ ಅಂಕಿ ಬರೋಬ್ಬರಿ ಐತಿ. ನಿಂದ ತಪ್ಪೈತಿ."

"ಕಾಕಾ, ಎಲ್ಲಾ ಕಾಗದದಾಗೂ 523 ಅಂತನ ಬರತೈತಲ್ರಿ."

"ಅದು ಜಾಗಾ ತಗೊಳ್ಳೋ ಗೆರಿ. 519.60 ಅಂದ್ರ ಡ್ಯಾಮಿನಾಗ ನೀರು ನಿಲ್ಲಸೂ ಮಟ್ಟ. ಡ್ಯಾಮಿನ ಹತ್ರ ನೀರು ಸಪಾಟ ನಿಂತಿರತೈತಿ. ಹೊಳಿಗುಂಟ ಹಿಂದಕ ಬಂದಂಗ, ಮಹಾಪೂರ ಬಂದಾಗ, ಮಟ್ಟ ಏರತೈತಿ. ಅದಕ್ಕ ಜಾಗಾ ಮ್ಯಾಲಿನ ಗೆರಿತನಕ ತಗೋತಾರ."

ಉಳಿದದ್ದನ್ನು ಮರುದಿನ ಕಾಗದ ತೆಗೆದು ನೋಡಿದೆ. 519.60 ಮೀಟರ್ ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದಲ್ಲಿ. 524.256 ಮೀಟರ್ ವರೆಗೆ ಹೋಗಬಹುದು ಎಂದು ಕೃಷ್ಣಾ ನ್ಯಾಯಮಂಡಳಿ ಹೇಳಿದ್ದು 2010ರ ಡಿಸೆಂಬರಿನಲ್ಲಿ. ಕಾದಂಬರಿ ಮುಗಿಯುವುದು 2009ರಲ್ಲಿ. ಅಂದರೆ ಆ ಗೋಡೆಯ ಮೇಲೆ ಬೇರೆ ಅಂಕಿ ಇರಲು ಸಾಧ್ಯವೇ ಇರಲಿಲ್ಲ. ಲೇಖಕರು ನೋಡಿಕೊಂಡೇ ಬರೆದಿದ್ದರು. ನೋಡದೆ ಬರೆದವಳು ನಾನು.

ಗುಂಪಿನಲ್ಲಿ ಕ್ಷಮೆ ಕೇಳಿದೆ. ಪ್ಯಾರಾ ಅಳಿಸಿದೆ. ಹದಿನಾರು ವರ್ಷ ಆ ಕಾಗದಗಳನ್ನು ಟೈಪ್ ಮಾಡಿಯೂ ಎರಡು ಅಂಕಿಗಳ ಅರ್ಥ ಬೇರೆ ಎಂದು ನಾನು ಕೇಳಿರಲಿಲ್ಲ. ಕಾಕಾ ಗುಂಪಿನಲ್ಲಿ ಎಲ್ಲರೆದುರು ತಿದ್ದದೆ ನನಗೆ ಫೋನ್ ಮಾಡಿ ಹೇಳಿದರಲ್ಲ, ಅದನ್ನು ಮರೆಯುವುದಿಲ್ಲ.

ಇನ್ನೊಂದು ಸಂಗತಿ ಈ ತಪ್ಪಿನಿಂದಲೇ ಸಿಕ್ಕಿತು. ಅಂಕಿ ಸರಿಯಿದೆ ಎಂದಾದ ಮೇಲೆ, ಅದು ಅಲ್ಲಿ ಯಾಕೆ ಇದೆ ಎಂದು ಯೋಚಿಸಿದೆ. ಮನೆಯಲ್ಲಿ ಮೊದಮೊದಲು ಮೀಟರಿನ ಮಾತು ಯಾರೂ ಆಡುವುದಿಲ್ಲ. ಅಜ್ಜಿ ನೀರನ್ನು ಹೇಗೆ ಅಳೆಯುತ್ತಾಳೆ? ಹೊಳೆದಂಡೆಯ ಹನುಮಪ್ಪನ ಗುಡಿಯ ಮೆಟ್ಟಿಲಿನಿಂದ. ಹೊಳೆಯಿಂದ ಬಂದವರನ್ನೆಲ್ಲ 'ನೀರು ಎಷ್ಟನೇ ಮೆಟ್ಟಿಲಿಗೆ ಬಂತು' ಎಂದು ಕೇಳುತ್ತಾಳೆ. ಎರಡು ಸಲ ಓದಿದರೂ ಇದನ್ನು ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ಮನೆಮಾತು ಅಂತ ದಾಟಿಹೋಗಿದ್ದೆ.

ಜೂನ್ 20ರ ರಾತ್ರಿ ಇದಕ್ಕಾಗಿಯೇ ಮೂರನೇ ಸಲ ಪುಟ ತಿರುವಿದೆ, ಮೂರು ತಾಸು. ಮೆಟ್ಟಿಲಿನ ಮಾತು ಒಂಬತ್ತು ಕಡೆ, ಮೀಟರಿನ ಮಾತು ಏಳು ಕಡೆ. ಮೊದಲ ಅರ್ಧದಲ್ಲಿ ಬರೀ ಮೆಟ್ಟಿಲು. ಆಮೇಲೆ ನೋಟೀಸಿನಲ್ಲಿ, ಕಚೇರಿಯಲ್ಲಿ, ಗೋಡೆಯ ಮೇಲೆ ಮೀಟರು ಬರುತ್ತ ಹೋಗುತ್ತದೆ. ಹುಡುಗ ದೊಡ್ಡವನಾದಂತೆ ತಾನೂ ಮೀಟರಿನಲ್ಲಿ ಮಾತಾಡತೊಡಗುತ್ತಾನೆ. ಅಜ್ಜಿ ಕೊನೆಯವರೆಗೂ ಮೆಟ್ಟಿಲು ಬಿಡುವುದಿಲ್ಲ. ಒಂದೇ ನೀರಿಗೆ ಒಂದೇ ಮನೆಯಲ್ಲಿ ಎರಡು ಅಳತೆ. ನನ್ನ ವಿಮರ್ಶೆ ಹೇಳಬೇಕಾದ ಮಾತು ಇದೇ ಎಂದು ಆಗ ತಿಳಿಯಿತು. ಅಲ್ಲಿಯವರೆಗೆ ನನ್ನ ಹತ್ತಿರ ಬಿಡಿ ಟಿಪ್ಪಣಿ ಇದ್ದವು, ಮಾತು ಇರಲಿಲ್ಲ.

ಜೂನ್ 21ರಿಂದ 23. ಕೊರತೆ ಬರೆಯುವುದು

ಜೂನ್ 6ರ ಆ ಒಂದು ಪುಟವನ್ನು ಮತ್ತೆ ತೆಗೆದೆ. ಸೊಸೆ ಅದರಲ್ಲಿ ಇಲ್ಲ. ಅವಳು ಹುಡುಗನ ಅವ್ವ, ನನ್ನ ವಯಸ್ಸಿನವಳು. ನಾನು ಮರೆತೆನೋ, ಪುಸ್ತಕ ಮರೆಯಿತೋ?

ಮತ್ತೆ ಎಣಿಸಿದೆ. ಮೊದಲ 14 ಅಧ್ಯಾಯದಲ್ಲಿ ಅವಳು 31 ಸಲ ಮಾತಾಡುತ್ತಾಳೆ. ಉಳಿದ 8 ಅಧ್ಯಾಯದಲ್ಲಿ ಎರಡೇ ಸಲ. ಹತ್ತು ವರ್ಷದಲ್ಲಿ ಎರಡು ಮಾತು.

ಮೊದಲು ಬರೆದದ್ದು ಹೀಗಿತ್ತು: 'ಲೇಖಕರಿಗೆ ಹೆಣ್ಣಿನ ಮನಸ್ಸು ಅರ್ಥವಾಗಿಲ್ಲ.' ಬರೆದು ಹತ್ತು ನಿಮಿಷಕ್ಕೆ ಸರಿ ಅನಿಸಲಿಲ್ಲ. ಅಜ್ಜಿಯೂ ಹೆಣ್ಣೇ ಅಲ್ವಾ? ಅವಳನ್ನು ಎಷ್ಟು ಚಲೋ ಬರೆದಿದ್ದಾರೆ. ಲೇಖಕರ ಮನಸ್ಸಿನಲ್ಲಿ ಏನಿದೆ ಎಂದು ನಾನು ಹೇಗೆ ಹೇಳಲಿ? ನನ್ನ ಕೈಯಲ್ಲಿ ಇರುವುದು 248 ಪುಟ. ಅದರ ಬಗ್ಗೆ ಮಾತ್ರ ಹೇಳಬಹುದು.

ಎರಡನೇ ಸಲ: 'ಊರು ಬಿಟ್ಟ ಮೇಲೆ ಸೊಸೆಯ ಪಾತ್ರ ಸ್ವಲ್ಪ ಮಸುಕಾಗುತ್ತದೆ ಎನ್ನಬಹುದೇನೋ.' ಇದು ಹೆದರಿಕೆಯ ವಾಕ್ಯ. ಸ್ವಲ್ಪ, ಎನ್ನಬಹುದು, ಏನೋ. ಮೂರು ಕಡೆ ತಪ್ಪಿಸಿಕೊಳ್ಳುವ ದಾರಿ ಇಟ್ಟುಕೊಂಡಿದ್ದೆ. ಲೇಖಕರು ನಮ್ಮ ಜಿಲ್ಲೆಯವರೇ, ನಾಳೆ ಎದುರಿಗೆ ಸಿಕ್ಕರೆ ಎಂಬ ಅಂಜಿಕೆ ಇತ್ತು. ಅದು ನಿಜ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಪುಸ್ತಕದ ಬಗ್ಗೆ ಬರೆಯುವವರು ಬಹಳ ಜನ ಇದೇ ಅಂಜಿಕೆಯಲ್ಲಿ ಬರೆಯುತ್ತಾರೆ. ಹೀಗಾಗಿ ಬರೀ ಹೊಗಳಿಕೆ ಉಳಿಯುತ್ತದೆ. ಅದರಿಂದ ಲೇಖಕರಿಗೂ ಏನೂ ಸಿಗುವುದಿಲ್ಲ, ಓದುವವರಿಗೂ ಸಿಗುವುದಿಲ್ಲ.

ಮೂರನೇ ಸಲ ಎಣಿಕೆಯನ್ನೇ ಬರೆದೆ. ಮೊದಲು 31, ಆಮೇಲೆ 2. ಅಜ್ಜಿಗೆ ಮೆಟ್ಟಿಲು ಇದೆ, ಮೊಮ್ಮಗನಿಗೆ ಮೀಟರ್ ಇದೆ, ಸೊಸೆ ನೀರನ್ನು ಯಾವುದರಿಂದ ಅಳೆಯುತ್ತಾಳೆ ಎಂದು ಪುಸ್ತಕ ಕೇಳುವುದಿಲ್ಲ, ಇದು ನನಗೆ ಕೊರತೆಯಾಗಿ ಕಂಡಿತು. ಹೀಗೆ 110 ಪದ. ಮುಖ್ಯ ಮಾತಿಗೂ ಕೊರತೆಗೂ ಸಂಬಂಧ ಬಂತು. ಅದನ್ನೇ ಇಟ್ಟೆ.

ಜೂನ್ 24. ಉಲ್ಲೇಖಗಳನ್ನು ಪುಟಕ್ಕೆ ಹೋಲಿಸಿದ್ದು

ಮೂರು ಚಿಕ್ಕ ಉಲ್ಲೇಖ ಹಾಕಿದ್ದೆ. ಪುಸ್ತಕ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿದರೆ ಎರಡರಲ್ಲಿ ತಪ್ಪು. ಪುಸ್ತಕದಲ್ಲಿ 'ಹೊಕ್ಕೀನಿ' ಇದ್ದದ್ದನ್ನು ನಾನು 'ಹೋಗ್ತೀನಿ' ಮಾಡಿದ್ದೆ. ಪುಸ್ತಕದ ಆಡುಮಾತನ್ನು ಮೆಚ್ಚಿ ಬರೆದ ಸಾಲಿನಲ್ಲೇ ಆ ಆಡುಮಾತನ್ನು ಕೆಡಿಸಿದ್ದೆ. ನೆನಪಿನಿಂದ ಬರೆದ ಉಲ್ಲೇಖವನ್ನು ನಂಬಬೇಡ.

ಜೂನ್ 25, 26. ನಾಲ್ಕನೇ ಕರಡು, ಜೋಡಣೆ

ಶುರು ಮಾಡುವುದೇ ಕಷ್ಟವಾಯಿತು. 'ಕನ್ನಡ ಕಾದಂಬರಿ ಲೋಕದಲ್ಲಿ' ಎಂದು ಶುರು ಮಾಡಿದೆ. ಆ ಲೋಕವನ್ನೆಲ್ಲ ನಾನು ಓದಿಲ್ಲ, ಹೊಡೆದೆ. 'ನೀರೇ ಜೀವ' ಎಂದು ಶುರು ಮಾಡಿದೆ, ಅದು ಗೋಡೆ ಬರಹದ ಹಾಗಿತ್ತು. ಲೇಖಕರ ಊರು, ಓದು, ಉದ್ಯೋಗದಿಂದ ಶುರು ಮಾಡಿದೆ. ಅದು ಹಿಂದಿನ ರಕ್ಷಾಪುಟದಲ್ಲೇ ಇದೆ. ಕೊನೆಗೆ ಅಜ್ಜಿಯ ಪ್ರಶ್ನೆಯಿಂದಲೇ ಶುರು ಮಾಡಿದೆ: ನೀರು ಎಷ್ಟನೇ ಮೆಟ್ಟಿಲಿಗೆ ಬಂತು?

ಅಳತೆ ಹೀಗೆ ಬಂತು. ಮೆಟ್ಟಿಲಿನ ಪ್ರಶ್ನೆ 70 ಪದ, ನನ್ನ ಬಗ್ಗೆ ಮತ್ತು ಪುಸ್ತಕದ ವಿವರ 30, ಕಥೆ 115, ಎರಡು ಅಳತೆಗಳ ಮಾತು 190, ಹೋಳಿ ಮತ್ತು ವಾಕ್ಯಗಳು 95, ಕೊರತೆ 110, ಯಾರು ಓದಬೇಕು 40. ಒಟ್ಟು 650. 'ಎಲ್ಲರೂ ಓದಲೇಬೇಕಾದ' ಎಂದು ಬರೆಯಲಿಲ್ಲ. ಮುಳುಗಡೆ ಆದ ಮೇಲೆ ಹುಟ್ಟಿದವರು, ಊರಿನ ಹೆಸರು ಕೇಳಿದವರು, ಊರು ನೋಡದವರು ಓದಲಿ ಎಂದು ಬರೆದೆ.

ಜೂನ್ 27. ಗಟ್ಟಿಯಾಗಿ ಓದಿದ್ದು

ಅಡುಗೆಮನೆಯಲ್ಲಿ ನಿಂತು ಓದಿದೆ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆರು ನಿಮಿಷ ಹತ್ತು ಸೆಕೆಂಡ್. ಉಸಿರು ಸಾಲದ ಕಡೆ ಪೆನ್ಸಿಲ್ ಗುರುತು, ನಾಲ್ಕು ವಾಕ್ಯ ಒಡೆದೆ. ಅವ್ವ ನಡುವೆ ಒಮ್ಮೆ ರೊಟ್ಟಿ ಬಡಿಯುವುದು ನಿಲ್ಲಿಸಿದಳು, ಮೆಟ್ಟಿಲಿನ ಮಾತು ಬಂದಾಗ. "ನಾವು ಕಟ್ಟಿ ಎಣಸ್ತಿದ್ವಿ" ಎಂದಳು. ಅಷ್ಟೇ.

ಖರ್ಚು: ಪುಸ್ತಕ 275, ನೋಟ್‌ಬುಕ್ 45, ಅಂಟುಚೀಟಿ 40 (ದಂಡ), ಪೆನ್ಸಿಲ್ ರಬ್ಬರ್ 15, ಪ್ರಿಂಟು 26 ಹಾಳೆ, ಹಾಳೆಗೆ ಎರಡರಂತೆ 52. ಒಟ್ಟು 427 ರೂಪಾಯಿ.

ಜೂನ್ 29, ರವಿವಾರ. ಸಭೆ

ಹನ್ನೊಂದು ಜನ ಬಂದಿದ್ದರು. ಓದಿದೆ. ಎರಡು ಅಳತೆಗಳ ಮಾತು ಎಲ್ಲರಿಗೂ ಹಿಡಿಸಿತು. ಕಾಕಾ ತಲೆ ಆಡಿಸಿದರು. ಔಷಧ ಅಂಗಡಿಯ ಅಣ್ಣಾರು, ಕೊನೆ ಗೊತ್ತಿದ್ದೂ ಪುಸ್ತಕ ಓದಿ ಮುಗಿಸಿದೆ ಎಂದರು.

ಆಮೇಲೆ, ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಮಾತಾಡಿದರು. ಸಭೆಯಲ್ಲಿ ಅವರು ಬಾಯಿ ಬಿಡುವುದೇ ಕಡಿಮೆ. "ನೀವು ಅಕಿ ಎಷ್ಟ ಸಲ ಮಾತಾಡ್ಯಾಳ ಅಂತ ಎಣಸೀರಿ. ಎಲ್ಲಿ ನಿಂತ ಮಾತಾಡ್ಯಾಳ ಅಂತ ನೋಡೀರೇನ್ರಿ?" ಎಂದರು.

ನಾನು ನೋಡಿರಲಿಲ್ಲ.

"ಹೊಳಿ ದಂಡಿ ಮ್ಯಾಲ, ಅರಬಿ ಒಗಿಯುವಾಗ. ಮನ್ಯಾಗ ಅಕಿ ಮಾತಾಡಂಗಿಲ್ರಿ. ನವನಗರಕ್ಕ ಬಂದ ಮ್ಯಾಲ ಹೊಳಿ ಎಲ್ಲೈತ್ರಿ? ನಳ ಮನಿ ಮುಂದನ ಬಂತು. ಇನ್ನ ಯಾರ ಕೂಡ ಮಾತಾಡಬೇಕ್ರಿ ಅಕಿ?"

ಯಾರೂ ಏನೂ ಅನ್ನಲಿಲ್ಲ. ಚಹಾ ಬಂತು.

ರಾತ್ರಿ ಮನೆಗೆ ಬಂದು ಪಟ್ಟಿ ತೆಗೆದೆ. ನನ್ನ ನಾಲ್ಕು ಅಂಕಣದಲ್ಲಿ 'ಎಲ್ಲಿ' ಎಂಬ ಅಂಕಣ ಇರಲೇ ಇಲ್ಲ. 31 ಮಾತುಗಳನ್ನು ಮತ್ತೆ ಪುಟ ತಿರುವಿ ನೋಡಿದೆ. 24 ಹೊಳೆಯ ಹತ್ತಿರ. 4 ಹೊಲದಲ್ಲಿ. ಮನೆಯೊಳಗೆ ಮೂರೇ.

ಹಾಗಾದರೆ ಅವಳ ಮೌನ ಕೊರತೆ ಅಲ್ಲವೇ? ಪೂರ್ತಿ ಒಪ್ಪಲು ಇನ್ನೂ ಮನಸ್ಸು ಬಂದಿಲ್ಲ. ಅವಳ ಮೌನವನ್ನು ಹುಡುಗ ಒಮ್ಮೆಯಾದರೂ ಗಮನಿಸಬೇಕಿತ್ತು ಅನಿಸುತ್ತದೆ. ಗಮನಿಸಿದ್ದಾನೋ ಏನೋ, ಆ 88 ಪುಟವನ್ನು ಇನ್ನೊಮ್ಮೆ ಓದಬೇಕು. ಕಿರುಪುಸ್ತಿಕೆಗೆ ಕೊಡಲು ಜುಲೈ 5ರವರೆಗೆ ಸಮಯ ಇದೆ. ಉಳಿದ 540 ಪದ ಹಾಗೇ ಇರುತ್ತವೆ. ಆ 110 ಪದವನ್ನು ಹೊಡೆದು ಹಾಕಿದ್ದೇನೆ, ನೋಟ್‌ಬುಕ್ಕಿನಲ್ಲಿ ಐದನೇ ಅಂಕಣದ ಗೆರೆ ಎಳೆದಿದ್ದೇನೆ.